ಛಾವಣಿಯ ಸೌರ ಸಹಾಯಧನ: ಅರ್ಜಿಗೆ ಮೊದಲಿನ ಸಿದ್ಧತೆ

ಪೀಠಿಕೆ

ಸರ್ಕಾರದ ಸಹಾಯಧನವನ್ನು ಪಡೆಯುವ ಕಾರ್ಯವು ಅರ್ಜಿ ಸಲ್ಲಿಕೆಯಿಂದ ಆರಂಭವಾಗುತ್ತದೆಂಬುದು ಸಾಮಾನ್ಯ ಭಾವನೆ. ಆದರೆ ಅರ್ಜಿಯು ಸಫಲವಾಗುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅದಕ್ಕೆ ಮೊದಲು ಗೃಹಸ್ಥರು ಮಾಡಿಕೊಂಡ ಸಿದ್ಧತೆಯಿಂದ ನಿರ್ಧಾರವಾಗುತ್ತದೆ. ವಿದ್ಯುತ್ ಬಿಲ್ಲಿನಲ್ಲಿ ಒಂದು ಹೆಸರು, ಬ್ಯಾಂಕಿನ ಖಾತೆಯಲ್ಲಿ ಇನ್ನೊಂದು ಹೆಸರು ಇರುವುದು. ಸೋರುವ ಛಾವಣಿಯ ಮೇಲೆಯೇ ಫಲಕಗಳನ್ನು ಹೂಡುವುದು. ಮನೆಗೆ ಎಷ್ಟು ವಿದ್ಯುತ್ ಬೇಕೆಂದು ಎಣಿಸದೆ ಮಾರಾಟಗಾರನು ಹೇಳಿದ ಅಳತೆಗೆ ಒಪ್ಪುವುದು. ಇಂತಹ ಲೋಪಗಳಿಂದ ನ್ಯಾಯವಾಗಿ ದೊರೆಯಬೇಕಾದ ಹಣವು ತಡವಾಗಬಹುದು, ಕೈತಪ್ಪಲೂಬಹುದು.

ಉದ್ಯೋಗನಿಮಿತ್ತವಾಗಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮುಂತಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಷಯದಲ್ಲಿ ಇನ್ನೂ ಒಂದು ತೊಡಕುಂಟು. ಬಿಲ್ಲು, ತೆರಿಗೆಯ ರಸೀದಿ, ಸಹಕಾರಿ ಗೃಹನಿರ್ಮಾಣ ಸಂಘದ ಕಾಗದಪತ್ರಗಳು ಇವೆಲ್ಲವೂ ಅನೇಕ ವೇಳೆ ಆಯಾ ಪ್ರಾಂತದ ಭಾಷೆಯಲ್ಲಿರುತ್ತವೆ. ಆದುದರಿಂದ ಗೃಹಸ್ಥರು ಅರ್ಜಿಗೆ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆಗಳನ್ನು ಈ ಪಾಠದಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಯೋಜನೆಯ ಸ್ವರೂಪ

ಮನೆಗಳ ಛಾವಣಿಯ ಮೇಲೆ ಸೌರ ವಿದ್ಯುತ್ ಉತ್ಪಾದನೆಯನ್ನು ಪ್ರೋತ್ಸಾಹಿಸುವ 'ಪಿ.ಎಂ. ಸೂರ್ಯಘರ್: ಮುಫ್ತ್ ಬಿಜಲಿ ಯೋಜನೆ'ಯು 2024ರ ಫೆಬ್ರವರಿ 13ರಂದು ಆರಂಭವಾಯಿತು. ಅದೇ ತಿಂಗಳ 29ರಂದು ಕೇಂದ್ರ ಸಚಿವ ಸಂಪುಟವು ಇದಕ್ಕೆ 75,021 ಕೋಟಿ ರೂಪಾಯಿಗಳ ವೆಚ್ಚವನ್ನು ಅನುಮೋದಿಸಿತು. ಒಂದು ಕೋಟಿ ಮನೆಗಳನ್ನು ತಲುಪುವುದು ಇದರ ಗುರಿ. ಅವಧಿ 2026-27ನೆಯ ಆರ್ಥಿಕ ವರ್ಷದವರೆಗೆ. ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವು ಇದರ ಹೊಣೆಯನ್ನು ಹೊತ್ತಿದೆ.

ಸಾಮಾನ್ಯ ರಾಜ್ಯಗಳಲ್ಲಿ ಕೇಂದ್ರದ ಸಹಾಯಧನವು 1 ಕಿಲೋವ್ಯಾಟ್ ಸಾಮರ್ಥ್ಯಕ್ಕೆ 30,000 ರೂಪಾಯಿ, 2 ಕಿಲೋವ್ಯಾಟಿಗೆ 60,000 ರೂಪಾಯಿ, 3 ಕಿಲೋವ್ಯಾಟ್ ಅಥವಾ ಅದಕ್ಕಿಂತ ಅಧಿಕ ಸಾಮರ್ಥ್ಯಕ್ಕೆ 78,000 ರೂಪಾಯಿ. ಮೊದಲ ಎರಡು ಕಿಲೋವ್ಯಾಟುಗಳಿಗೆ ತಲಾ 30,000 ರೂಪಾಯಿ ದೊರೆತರೆ ಮೂರನೆಯದಕ್ಕೆ 18,000 ರೂಪಾಯಿ ಮಾತ್ರ ದೊರೆಯುತ್ತದೆ; ನಾಲ್ಕನೆಯದಕ್ಕೆ ಏನೂ ಇಲ್ಲ ಎಂಬುದು ಗಮನಿಸತಕ್ಕ ಅಂಶ. ಕೆಲವು ರಾಜ್ಯ ಸರ್ಕಾರಗಳು ಇದರ ಮೇಲೆ ತಮ್ಮ ಪಾಲನ್ನೂ ಸೇರಿಸಿವೆ. ಉದಾಹರಣೆಗೆ, ದೆಹಲಿ ಸರ್ಕಾರವು 3 ಕಿಲೋವ್ಯಾಟಿಗೆ 30,000 ರೂಪಾಯಿಗಳ ಹೆಚ್ಚುವರಿ ನೆರವನ್ನು 2025ರಲ್ಲಿ ಮಂಜೂರು ಮಾಡಿತು.

ಅರ್ಜಿದಾರರು ಭಾರತೀಯ ನಾಗರಿಕರಾಗಿರಬೇಕು. ಫಲಕಗಳನ್ನು ಹೂಡಲು ತಕ್ಕ ಛಾವಣಿಯುಳ್ಳ ಮನೆ ಮತ್ತು ಚಾಲ್ತಿಯಲ್ಲಿರುವ ವಿದ್ಯುತ್ ಸಂಪರ್ಕ ಇರಬೇಕು. ಸೌರಫಲಕಗಳಿಗಾಗಿ ಈ ಹಿಂದೆ ಬೇರೆ ಸಹಾಯಧನವನ್ನು ಪಡೆದಿರಬಾರದು.

ಮೊದಲನೆಯ ಸಿದ್ಧತೆ: ಮನೆಯ ಶಾಖವನ್ನು ತಗ್ಗಿಸುವುದು

ಸೌರಫಲಕವು ವಿದ್ಯುತ್ತನ್ನು ಉತ್ಪಾದಿಸುತ್ತದೆ. ಮನೆಯ ಶಾಖವು ಅದನ್ನು ವ್ಯಯ ಮಾಡಿಸುತ್ತದೆ. ಬೇಸಿಗೆಯಲ್ಲಿ ಕೊನೆಯ ಅಂತಸ್ತಿನ ಮನೆಗಳು ರಾತ್ರಿಯಾದರೂ ಕುದಿಯುವುದಕ್ಕೆ ಛಾವಣಿಯ ಕಾಂಕ್ರೀಟ್ ಹಾಸೇ ಮುಖ್ಯ ಕಾರಣ. ಅದು ಹಗಲಿನಲ್ಲಿ ಬಿಸಿಲನ್ನು ಹೀರಿಕೊಂಡು ಸಂಜೆಯಿಂದ ಒಳಕ್ಕೆ ಶಾಖವನ್ನು ಬಿಡುತ್ತದೆ. ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ 'ಇಕೋ ನಿವಾಸ್ ಸಂಹಿತಾ' ಎಂಬ ವಸತಿ ಕಟ್ಟಡಗಳ ಸಂಹಿತೆಯು ಛಾವಣಿಯ ಮೂಲಕ ಹಾಯುವ ಶಾಖಕ್ಕೆ ಒಂದು ಮಿತಿಯನ್ನು ಗೊತ್ತುಪಡಿಸಿದೆ. ಒಳಗೂ ಹೊರಗೂ ಒಂದು ಡಿಗ್ರಿ ಅಂತರವಿರುವಾಗ ಒಂದು ಚದರ ಮೀಟರಿಗೆ 1.2 ವ್ಯಾಟನ್ನು ಅದು ಮೀರಬಾರದು. ಯಾವ ಹೊದಿಕೆಯೂ ಇಲ್ಲದ ಕಾಂಕ್ರೀಟ್ ಹಾಸಿನಲ್ಲಿ ಈ ಪ್ರಮಾಣವು ಮಿತಿಯ ಎರಡು ಪಟ್ಟಿಗಿಂತಲೂ ಅಧಿಕ.

ಇದಕ್ಕೆ ಪರಿಹಾರಗಳು ಹೊಸತೇನೂ ಅಲ್ಲ. ಚೆನ್ನೈಯ ಹಳೆಯ ಮನೆಗಳಲ್ಲಿ ಛಾವಣಿಯ ಮೇಲೆ ಇಟ್ಟಿಗೆಯ ಚೂರು ಮತ್ತು ಸುಣ್ಣದ ಗಾರೆಯನ್ನು ದಪ್ಪವಾಗಿ ಹಾಸಿ, ಮೇಲೆ ಚಪ್ಪಟೆ ಹೆಂಚುಗಳನ್ನು ಕೂರಿಸುತ್ತಿದ್ದರು. ಮುಂಬಯಿ, ಪುಣೆಗಳಲ್ಲಿ ಇಟ್ಟಿಗೆ ಚೂರಿನ 'ಕೋಬಾ' ಎಂಬ ಹಾಸು ಇಂದಿಗೂ ರೂಢಿಯಲ್ಲಿದೆ. ಇವು ನೀರನ್ನು ತಡೆಯುವುದರೊಡನೆ ಶಾಖವನ್ನೂ ತಕ್ಕಮಟ್ಟಿಗೆ ತಡೆಯುತ್ತವೆ. ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುವ ಬಿಳಿಯ ಲೇಪನವು ಅಲ್ಪವೆಚ್ಚದ ಮಾರ್ಗ. ತೆಲಂಗಾಣ ರಾಜ್ಯವು 2023ರಿಂದ 2028ರ ಅವಧಿಗೆ ಶೀತಲ ಛಾವಣಿ ನೀತಿಯನ್ನು ಪ್ರಕಟಿಸಿ, ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೂ 600 ಚದರ ಗಜ ಹಾಗೂ ಮೇಲ್ಪಟ್ಟ ನಿವೇಶನಗಳ ಹೊಸ ವಸತಿ ಕಟ್ಟಡಗಳಿಗೂ ಇಂತಹ ಛಾವಣಿಯನ್ನು ಕಡ್ಡಾಯಗೊಳಿಸಿತು.

ಸೂರ್ಯಘರ್ ಯೋಜನೆಯಲ್ಲಿ ಛಾವಣಿಯ ಲೇಪನಕ್ಕೆ ಅಥವಾ ಉಷ್ಣನಿರೋಧಕ ಹಾಸಿಗೆ ಸಹಾಯಧನವಿಲ್ಲ. ಆದರೂ ಈ ಕೆಲಸವು ಮೊದಲಾಗಬೇಕೆಂಬುದಕ್ಕೆ ಎರಡು ಕಾರಣಗಳುಂಟು. ಮನೆಯು ತಂಪಾದರೆ ವಿದ್ಯುತ್ತಿನ ಅಗತ್ಯವು ಇಳಿಯುತ್ತದೆ. ಚಿಕ್ಕ ಸ್ಥಾವರವೇ ಸಾಕಾಗಬಹುದು. ಎರಡನೆಯದಾಗಿ, ಸೌರಫಲಕಗಳು ಸುಮಾರು 25 ವರ್ಷ ಕೆಲಸ ಮಾಡುವಂಥವು. ಅವುಗಳ ಕಬ್ಬಿಣದ ಚೌಕಟ್ಟು ಒಮ್ಮೆ ನಿಂತಮೇಲೆ ಕೆಳಗಿನ ಬಿರುಕನ್ನು ಮುಚ್ಚುವುದಾಗಲಿ ಹಾಸನ್ನು ಬದಲಿಸುವುದಾಗಲಿ ಕಷ್ಟಸಾಧ್ಯ. ಆದುದರಿಂದ ಸೋರಿಕೆಯ ದುರಸ್ತಿ, ಅನಂತರ ಶಾಖನಿರೋಧ, ಅನಂತರ ಫಲಕಗಳು ಎಂಬ ಕ್ರಮವನ್ನು ಪಾಲಿಸತಕ್ಕದ್ದು.

ಹವಾನಿಯಂತ್ರಣ ಯಂತ್ರವಿರುವ ಕೋಣೆಯಲ್ಲಿ ಬಾಗಿಲಿನ ಅಡಿಯ ಸಂದು, ಜಾರುಕಿಟಕಿಯ ಅಂಚು, ಯಂತ್ರದ ಕೊಳವೆಯು ಗೋಡೆಯನ್ನು ತೂರುವ ರಂಧ್ರ ಇವುಗಳನ್ನು ರಬ್ಬರ್ ಪಟ್ಟಿಯಿಂದಲೋ ತಕ್ಕ ಲೇಪದಿಂದಲೋ ಮುಚ್ಚಬೇಕು. ತಂಪಾದ ಗಾಳಿಯು ಹೊರಗೆ ಸೋರುತ್ತಿದ್ದರೆ ಯಂತ್ರವು ಬಿಡುವಿಲ್ಲದೆ ದುಡಿಯಬೇಕಾಗುತ್ತದೆ. ಸಂಜೆಯ ವೇಳೆ ಬತ್ತಿಯನ್ನು ಅಥವಾ ಊದುಬತ್ತಿಯನ್ನು ಕಿಟಕಿಯ ಅಂಚಿನಲ್ಲಿ ಹಿಡಿದು ಹೊಗೆ ಯಾವ ಕಡೆ ಸರಿಯುವುದೆಂದು ನೋಡಿದರೆ ಸಂದು ಇರುವ ಸ್ಥಳವು ತಾನೇ ತಿಳಿಯುತ್ತದೆ. ಹಾಗೆ ನೋಡುವಾಗ ಪರದೆಗಳನ್ನು ದೂರ ಸರಿಸಿರಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಎಂದಿಗೂ ಮರೆಯಬಾರದು. ಅಡುಗೆಮನೆಯ ಹಾಗೂ ಅನಿಲದಿಂದ ನೀರು ಕಾಯಿಸುವ ಗೀಸರ್ ಇರುವ ಸ್ನಾನಗೃಹದ ಗಾಳಿಕಿಂಡಿಗಳನ್ನು ಯಾವ ಕಾರಣಕ್ಕೂ ಮುಚ್ಚಕೂಡದು. ಗಾಳಿಯ ಸಂಚಾರವಿಲ್ಲದೆ ಅನಿಲವು ಉರಿದರೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಇಂಗಾಲದ ಮಾನಾಕ್ಸೈಡ್ ಶೇಖರವಾಗಿ ಪ್ರಾಣಕ್ಕೇ ಅಪಾಯವಾಗುತ್ತದೆ. ಕೆಲವು ಯೂನಿಟ್ ವಿದ್ಯುತ್ತಿನ ಉಳಿತಾಯಕ್ಕಾಗಿ ಜೀವವನ್ನು ಒಡ್ಡುವುದು ಸಲ್ಲದು.

ಎರಡನೆಯ ಸಿದ್ಧತೆ: ಬಳಕೆಯ ಲೆಕ್ಕ

ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಒಟ್ಟುಗೂಡಿಸಿ, ಪ್ರತಿಯೊಂದರಲ್ಲಿಯೂ ಬಳಸಿದ ಯೂನಿಟ್ಟುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ರೂಪಾಯಿಗಳ ಮೊತ್ತವು ಇಲ್ಲಿ ಉಪಯೋಗಕ್ಕೆ ಬಾರದು, ದರಗಳು ಬದಲಾಗುತ್ತಿರುತ್ತವೆ. ಚೆನ್ನೈಯಲ್ಲಿರುವಂತೆ ಎರಡು ತಿಂಗಳಿಗೊಮ್ಮೆ ಬಿಲ್ಲು ಬರುವ ಕಡೆ ಯೂನಿಟ್ಟುಗಳನ್ನು ಎರಡರಿಂದ ಭಾಗಿಸಲು ಮರೆಯಬಾರದು. ಮರೆತರೆ ಅಗತ್ಯಕ್ಕಿಂತ ಎರಡು ಪಟ್ಟು ದೊಡ್ಡ ಸ್ಥಾವರವನ್ನು ಕೊಂಡಂತಾಗುತ್ತದೆ.

ಯೋಜನೆಯ ಮಾರ್ಗಸೂಚಿಯ ಪ್ರಕಾರ ತಿಂಗಳಿಗೆ 150 ಯೂನಿಟ್‌ವರೆಗೆ ಬಳಸುವ ಮನೆಗೆ 1ರಿಂದ 2 ಕಿಲೋವ್ಯಾಟ್, 150ರಿಂದ 300 ಯೂನಿಟ್ ಬಳಸುವ ಮನೆಗೆ 2ರಿಂದ 3 ಕಿಲೋವ್ಯಾಟ್, ಅದಕ್ಕೂ ಅಧಿಕವಾಗಿ ಬಳಸುವವರಿಗೆ 3 ಕಿಲೋವ್ಯಾಟಿಗೆ ಮೇಲ್ಪಟ್ಟ ಸ್ಥಾವರವು ಯುಕ್ತವಾದುದು. ಒಂದು ಕಿಲೋವ್ಯಾಟ್ ಸ್ಥಾವರವು ತಿಂಗಳಿಗೆ ಸರಾಸರಿ 100 ಯೂನಿಟ್ ಅಥವಾ ತುಸು ಹೆಚ್ಚು ನೀಡುತ್ತದೆಂದು ಎಣಿಸಬಹುದು. ಅದಕ್ಕೆ ಸುಮಾರು 10 ಚದರ ಮೀಟರ್ ನೆರಳಿಲ್ಲದ ಸ್ಥಳ ಬೇಕು.

ಒಂದು ಉದಾಹರಣೆಯನ್ನು ನೋಡೋಣ. ಒಂದು ಮನೆಯ ಬಳಕೆ ತಿಂಗಳಿಗೆ 240 ಯೂನಿಟ್ ಎಂದಿಟ್ಟುಕೊಳ್ಳಿ. ಈ ಲೆಕ್ಕದಂತೆ 3 ಕಿಲೋವ್ಯಾಟ್ ಬೇಕೆನಿಸುತ್ತದೆ. ಆ ಮನೆಯಲ್ಲಿ 75 ವ್ಯಾಟಿನ ನಾಲ್ಕು ಹಳೆಯ ಫ್ಯಾನುಗಳು ದಿನಕ್ಕೆ 12 ಗಂಟೆ ತಿರುಗುತ್ತಿದ್ದರೆ ಅವುಗಳೇ ತಿಂಗಳಿಗೆ 108 ಯೂನಿಟ್ ಬಳಸುತ್ತವೆ. ಅವುಗಳ ಬದಲಿಗೆ 30 ವ್ಯಾಟಿನ ಮಿತವ್ಯಯದ ಫ್ಯಾನುಗಳನ್ನು ಹಾಕಿದರೆ ಸುಮಾರು 43 ಯೂನಿಟ್ ಸಾಕು. 65 ಯೂನಿಟ್ ಉಳಿದು ಒಟ್ಟು ಬಳಕೆಯು 175ಕ್ಕೆ ಇಳಿಯುತ್ತದೆ. ಆಗ 2 ಕಿಲೋವ್ಯಾಟ್ ಸ್ಥಾವರವೇ ಸಾಕು.

ಇದರ ಫಲವನ್ನು ಹಣದಲ್ಲಿ ಎಣಿಸಿದರೆ ಹೀಗಾಗುತ್ತದೆ. 2024ರಲ್ಲಿ ಸಹಾಯಧನವನ್ನು ಗೊತ್ತುಪಡಿಸುವಾಗ ಮೊದಲ 2 ಕಿಲೋವ್ಯಾಟಿನ ವೆಚ್ಚದಲ್ಲಿ ಶೇಕಡ 60ನ್ನೂ, ಮೂರನೆಯದರ ವೆಚ್ಚದಲ್ಲಿ ಶೇಕಡ 40ನ್ನೂ ಸರ್ಕಾರವು ಭರಿಸುವಂತೆ ಲೆಕ್ಕ ಹಾಕಲಾಯಿತು. ಅಂದರೆ ಮಾನದಂಡದ ಬೆಲೆಯಲ್ಲಿ 2 ಕಿಲೋವ್ಯಾಟಿಗೆ 1,00,000 ರೂಪಾಯಿ, 3 ಕಿಲೋವ್ಯಾಟಿಗೆ 1,45,000 ರೂಪಾಯಿ. ಸಹಾಯಧನವನ್ನು ಕಳೆದರೆ ಗೃಹಸ್ಥರ ಪಾಲು ಕ್ರಮವಾಗಿ 40,000 ಮತ್ತು 67,000 ರೂಪಾಯಿ. ಫ್ಯಾನು ಬದಲಿಸಿದ ಕುಟುಂಬಕ್ಕೆ ಸಹಾಯಧನವು 18,000 ರೂಪಾಯಿಗಳಷ್ಟು ಕಡಿಮೆ ಬಂದರೂ ಅದರ ಕೈಯಿಂದ ಹೋಗುವ ಹಣದಲ್ಲಿ 27,000 ರೂಪಾಯಿ ಉಳಿಯುತ್ತದೆ. ಮಾರುಕಟ್ಟೆಯ ಬೆಲೆಗಳು ಊರಿಂದೂರಿಗೆ ಬೇರೆಯಾಗುವುದರಿಂದ ಅಂಕಿಗಳು ಬದಲಾಗಬಹುದು. ಲೆಕ್ಕದ ರೀತಿಯು ಬದಲಾಗುವುದಿಲ್ಲ. ಹೆಚ್ಚು ಸಹಾಯಧನ ಬರುವ ಸ್ಥಾವರವೇ ಹೆಚ್ಚು ಲಾಭದಾಯಕವೆಂದು ಭಾವಿಸಬಾರದು. ಮುಂದೆ ಹವಾನಿಯಂತ್ರಣ ಯಂತ್ರವನ್ನೋ ವಿದ್ಯುತ್ ಚಾಲಿತ ವಾಹನವನ್ನೋ ಕೊಳ್ಳುವ ನಿಶ್ಚಿತ ಉದ್ದೇಶವಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಮೂರನೆಯ ಸಿದ್ಧತೆ: ಛಾವಣಿಯ ಹಕ್ಕು

ಸ್ವಂತ ಬಿಡಿಮನೆಯಲ್ಲಿ ವಾಸಿಸುವವರಿಗೆ ಈ ಪ್ರಶ್ನೆ ಸರಳ. ಮಹಾನಗರಗಳಲ್ಲಿರುವ ನಮ್ಮವರಲ್ಲಿ ಅನೇಕರು ಬಹುಮಹಡಿ ಕಟ್ಟಡಗಳ ನಿವಾಸಿಗಳು. ಅಲ್ಲಿ ತಾರಸಿಯು ಸಾಮಾನ್ಯವಾಗಿ ಎಲ್ಲ ಸದಸ್ಯರಿಗೂ ಸೇರಿದುದು. ಸಂಘದ ಲಿಖಿತ ಒಪ್ಪಿಗೆಯಿಲ್ಲದೆ ಒಬ್ಬರು ತಮ್ಮ ಫಲಕಗಳನ್ನು ಹೂಡುವಂತಿಲ್ಲ. ನೆರೆಯವರ ಬಾಯಿಮಾತಿನ ಸಮ್ಮತಿಯನ್ನು ನಂಬಿ ಮುಂಗಡ ಕೊಡುವುದು ಅವಿವೇಕ.

ಇಂತಹ ಕಟ್ಟಡಗಳಿಗಾಗಿ ಯೋಜನೆಯಲ್ಲಿ ಬೇರೆಯೇ ದಾರಿಯುಂಟು. ಗೃಹನಿರ್ಮಾಣ ಸಂಘಗಳೂ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಗಳೂ ಲಿಫ್ಟು, ನೀರೆತ್ತುವ ಪಂಪು, ಮೆಟ್ಟಿಲ ದೀಪ, ವಾಹನಗಳ ಚಾರ್ಜಿಂಗ್ ಮುಂತಾದ ಸಾಮೂಹಿಕ ಸೌಲಭ್ಯಗಳಿಗೆ ಸ್ಥಾವರವನ್ನು ಹೂಡಿದರೆ ಪ್ರತಿ ಕಿಲೋವ್ಯಾಟಿಗೆ 18,000 ರೂಪಾಯಿಗಳಂತೆ ಸಹಾಯಧನವಿದೆ. ಮನೆಯೊಂದಕ್ಕೆ 3 ಕಿಲೋವ್ಯಾಟಿನಂತೆ ಒಟ್ಟು 500 ಕಿಲೋವ್ಯಾಟಿನವರೆಗೆ ಇದು ಅನ್ವಯಿಸುತ್ತದೆ. 40 ಮನೆಗಳ ಸಂಘವೊಂದು 20 ಕಿಲೋವ್ಯಾಟ್ ಸ್ಥಾವರವನ್ನು ಹೂಡಿದರೆ 3,60,000 ರೂಪಾಯಿ ದೊರೆಯುತ್ತದೆ. ಇದರಿಂದ ಸಂಘದ ವಿದ್ಯುತ್ ಬಿಲ್ಲು ಇಳಿದು, ಪ್ರತಿಯೊಬ್ಬ ಸದಸ್ಯರ ಮಾಸಿಕ ನಿರ್ವಹಣಾ ವೆಚ್ಚದ ಹೊರೆಯೂ ಕಡಿಮೆಯಾಗುವುದು. ಆದುದರಿಂದ ಫ್ಲಾಟಿನ ನಿವಾಸಿಗಳು ಮೊದಲು ಮಾಡಬೇಕಾದ ಕೆಲಸವೆಂದರೆ ವಿಷಯವನ್ನು ಸಂಘದ ಸರ್ವಸದಸ್ಯರ ಸಭೆಯ ಮುಂದಿಟ್ಟು ಠರಾವು ಮಾಡಿಸುವುದು.

ಊರಿನಲ್ಲಿ ತಂದೆತಾಯಿಗಳ ಮನೆಯಿದ್ದು, ಅಲ್ಲಿಗೆ ಫಲಕ ಹಾಕಿಸಲು ಇಚ್ಛಿಸುವವರು ನೆನಪಿಡಬೇಕಾದುದು ಇಷ್ಟು: ಅರ್ಜಿಯು ಆ ಮನೆಯ ವಿದ್ಯುತ್ ಸಂಪರ್ಕಕ್ಕೆ ಸಂಬಂಧಿಸಿದುದೇ ಹೊರತು ಅರ್ಜಿ ಸಲ್ಲಿಸುವವರು ಇರುವ ನಗರಕ್ಕಲ್ಲ. ಧಾರವಾಡದ ಮನೆಗೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ಗ್ರಾಹಕ ಸಂಖ್ಯೆಯೇ ಬೇಕು.

ನಾಲ್ಕನೆಯ ಸಿದ್ಧತೆ: ಹೆಸರು ಮತ್ತು ದಾಖಲೆಗಳು

ಕನ್ನಡಿಗರು ಹೊರರಾಜ್ಯಗಳಲ್ಲಿ ಹೆಚ್ಚಾಗಿ ಎಡವುವುದು ಇಲ್ಲಿಯೇ. ನಮ್ಮಲ್ಲಿ ಊರಿನ ಹಾಗೂ ತಂದೆಯ ಹೆಸರಿನ ಮೊದಲ ಅಕ್ಷರಗಳನ್ನು ಹೆಸರಿನ ಹಿಂದೆ ಬರೆಯುವ ವಾಡಿಕೆಯುಂಟು. ಮಹಾರಾಷ್ಟ್ರದಲ್ಲಿ ಸ್ವಂತ ಹೆಸರು, ತಂದೆಯ ಅಥವಾ ಪತಿಯ ಹೆಸರು, ಅಡ್ಡಹೆಸರು ಎಂಬ ಕ್ರಮ. ತೆಲುಗು ನಾಡಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಹೀಗಾಗಿ ಒಬ್ಬರೇ ವ್ಯಕ್ತಿಯ ಹೆಸರು ಬಿಲ್ಲಿನಲ್ಲಿ ಒಂದು ಬಗೆಯಾಗಿಯೂ ಬ್ಯಾಂಕಿನಲ್ಲಿ ಇನ್ನೊಂದು ಬಗೆಯಾಗಿಯೂ ಇರುವುದು ಸಾಮಾನ್ಯ. ಮನೆ ಕೊಂಡು ಹಲವು ವರ್ಷಗಳಾದರೂ ಬಿಲ್ಲು ಹಿಂದಿನ ಮಾಲೀಕರ ಹೆಸರಿನಲ್ಲಿಯೋ ದಿವಂಗತರಾದ ತಂದೆಯವರ ಹೆಸರಿನಲ್ಲಿಯೋ ಮುಂದುವರಿದಿರುವುದೂ ಅಪರೂಪವಲ್ಲ.

ಅರ್ಜಿಯ ಹೆಸರು, ವಿದ್ಯುತ್ ಬಿಲ್ಲಿನ ಹೆಸರು, ಸಹಾಯಧನ ಜಮೆಯಾಗಬೇಕಾದ ಬ್ಯಾಂಕ್ ಖಾತೆಯ ಹೆಸರು, ಈ ಮೂರೂ ಒಂದೇ ಆಗಿರುವಂತೆ ನೋಡಿಕೊಳ್ಳಬೇಕು. ವ್ಯತ್ಯಾಸವಿದ್ದಲ್ಲಿ ಮೊದಲು ವಿದ್ಯುತ್ ಸರಬರಾಜು ಸಂಸ್ಥೆಯಲ್ಲಿ ಹೆಸರು ಬದಲಾವಣೆ ಮಾಡಿಸತಕ್ಕದ್ದು. ಸ್ವತ್ತಿನ ವಾರಸುದಾರರು ಹಲವರಿದ್ದರೆ ಮರಣ ಪ್ರಮಾಣಪತ್ರ ಹಾಗೂ ಉಳಿದವರ ಒಪ್ಪಿಗೆ ಪತ್ರಗಳು ಬೇಕಾಗುವುದರಿಂದ ಇದಕ್ಕೆ ಸಮಯ ಹಿಡಿಯುತ್ತದೆ. ಈ ಕಾರಣದಿಂದಲೇ ಇದನ್ನು ಎಲ್ಲಕ್ಕಿಂತ ಮೊದಲು ಆರಂಭಿಸುವುದು ಉಚಿತ.

ಒಂದು ಕಡತದಲ್ಲಿ ಈ ಕೆಳಗಿನವುಗಳನ್ನು ಸೇರಿಸಿಟ್ಟುಕೊಳ್ಳಬೇಕು: ಇತ್ತೀಚಿನ ವಿದ್ಯುತ್ ಬಿಲ್ಲು, ಗುರುತಿನ ಪತ್ರ, ಮನೆಯ ಒಡೆತನದ ದಾಖಲೆ ಅಥವಾ ಮನೆತೆರಿಗೆಯ ರಸೀದಿ, ಛಾವಣಿಯು ಹಂಚಿಕೆಯದಾದರೆ ಸಂಘದ ಅಥವಾ ಸಹಮಾಲೀಕರ ಒಪ್ಪಿಗೆ ಪತ್ರ, ಖಾತೆದಾರರ ಹೆಸರು ಮುದ್ರಿತವಾಗಿರುವ ರದ್ದುಗೊಳಿಸಿದ ಚೆಕ್ಕು, ಛಾವಣಿಯ ನಾಲ್ಕು ದಿಕ್ಕಿನ ಛಾಯಾಚಿತ್ರಗಳು. ಬೆಳಿಗ್ಗೆ 9, ಮಧ್ಯಾಹ್ನ 12 ಮತ್ತು 3 ಗಂಟೆಗೆ ತೆಗೆದ ಚಿತ್ರಗಳಿದ್ದರೆ ನೀರಿನ ತೊಟ್ಟಿ ಹಾಗೂ ಪಕ್ಕದ ಕಟ್ಟಡದ ನೆರಳು ಎಲ್ಲಿ ಬೀಳುವುದೆಂದು ತಿಳಿಯುತ್ತದೆ.

ಅರ್ಜಿಯ ಕ್ರಮ

1. ಪಿ.ಎಂ. ಸೂರ್ಯಘರ್ ರಾಷ್ಟ್ರೀಯ ಜಾಲತಾಣದಲ್ಲಿ ರಾಜ್ಯ, ವಿದ್ಯುತ್ ಸಂಸ್ಥೆ, ಗ್ರಾಹಕ ಸಂಖ್ಯೆ, ಮೊಬೈಲ್ ಸಂಖ್ಯೆಗಳನ್ನು ನೀಡಿ ನೋಂದಾಯಿಸಿಕೊಳ್ಳುವುದು. ಮುಂಬಯಿಯಂತಹ ನಗರದಲ್ಲಿ ಒಂದಕ್ಕಿಂತ ಹೆಚ್ಚು ಸಂಸ್ಥೆಗಳಿರುವುದರಿಂದ ತಮ್ಮ ಬಿಲ್ಲಿನ ಮೇಲಿರುವ ಸಂಸ್ಥೆಯನ್ನೇ ಆರಿಸಬೇಕು.

2. ಅರ್ಜಿ ಸಲ್ಲಿಸಿ ವಿದ್ಯುತ್ ಸಂಸ್ಥೆಯ ಒಪ್ಪಿಗೆಯನ್ನು ಪಡೆಯುವುದು. 2024ರ ತಿದ್ದುಪಡಿ ನಿಯಮಗಳ ಪ್ರಕಾರ 10 ಕಿಲೋವ್ಯಾಟಿನವರೆಗಿನ ಸ್ಥಾವರಗಳಿಗೆ ತಾಂತ್ರಿಕ ಸಾಧ್ಯತೆಯ ಪ್ರತ್ಯೇಕ ಪರಿಶೀಲನೆಯ ಅಗತ್ಯವಿಲ್ಲ.

3. ನೋಂದಾಯಿತ ಮಾರಾಟಗಾರರಲ್ಲಿ ಕನಿಷ್ಠ ಮೂವರಿಂದ ಲಿಖಿತ ದರಪಟ್ಟಿಯನ್ನು ಪಡೆದು, ಒಬ್ಬರೊಡನೆ ಕರಾರು ಮಾಡಿಕೊಂಡು ಸ್ಥಾವರವನ್ನು ಹೂಡಿಸುವುದು.

4. ಬಳಕೆಯಾದ ಮತ್ತು ಜಾಲಕ್ಕೆ ಹಿಂದಿರುಗಿಸಿದ ವಿದ್ಯುತ್ತನ್ನು ಅಳೆಯುವ ನೆಟ್ ಮೀಟರಿಗೆ ಅರ್ಜಿ ಸಲ್ಲಿಸುವುದು. ಮೀಟರ್ ಜೋಡಣೆ ಹಾಗೂ ತಪಾಸಣೆಯ ನಂತರ ಕಾರ್ಯಾರಂಭದ ವರದಿ ಸಿದ್ಧವಾಗುತ್ತದೆ.

5. ಬ್ಯಾಂಕ್ ಖಾತೆಯ ವಿವರ ಹಾಗೂ ರದ್ದುಗೊಳಿಸಿದ ಚೆಕ್ಕಿನ ಪ್ರತಿಯನ್ನು ಜಾಲತಾಣದಲ್ಲಿ ಸಲ್ಲಿಸುವುದು. ಇದಾದ 30 ದಿನಗಳೊಳಗೆ ಹಣವು ನೇರವಾಗಿ ಖಾತೆಗೆ ಜಮೆಯಾಗಬೇಕೆಂಬುದು ಯೋಜನೆಯ ಕ್ರಮ.

ಸಾಮಾನ್ಯ ಕ್ರಮದಲ್ಲಿ ಸಹಾಯಧನವು ಕೊನೆಯ ಹಂತದಲ್ಲಿ ಬರುತ್ತದೆ. ಸ್ಥಾವರದ ಪೂರ್ಣ ವೆಚ್ಚವನ್ನು ಗೃಹಸ್ಥರೇ ಮೊದಲು ಹೊಂದಿಸಿಕೊಳ್ಳಬೇಕು. ಇದಕ್ಕಾಗಿ 3 ಕಿಲೋವ್ಯಾಟಿನವರೆಗಿನ ಸ್ಥಾವರಗಳಿಗೆ ಬ್ಯಾಂಕುಗಳಿಂದ ಅಡಮಾನರಹಿತ ಸಾಲದ ಸೌಲಭ್ಯವಿದೆ. ಕೈಸಾಲದ ಅಧಿಕ ಬಡ್ಡಿಗೆ ಸಿಲುಕುವುದಕ್ಕಿಂತ ಮುಂಚಿತವಾಗಿಯೇ ಬ್ಯಾಂಕಿನಲ್ಲಿ ವಿಚಾರಿಸುವುದು ಮೇಲು.

ಎಚ್ಚರಿಕೆಗಳು

ಸಹಾಯಧನಕ್ಕೆ ಅರ್ಹವಾಗುವುದು ವಿದ್ಯುತ್ ಜಾಲಕ್ಕೆ ಜೋಡಣೆಯಾದ ಸ್ಥಾವರ ಮಾತ್ರ. ಫಲಕಗಳೂ ಅವುಗಳೊಳಗಿನ ಸೌರಕೋಶಗಳೂ ಭಾರತದಲ್ಲಿಯೇ ತಯಾರಾಗಿರಬೇಕು. ಅಗ್ಗವೆಂದು ವಿದೇಶಿ ಕೋಶಗಳ ಫಲಕಗಳನ್ನು ಕೊಂಡರೆ ಸಹಾಯಧನವು ಕೈತಪ್ಪುತ್ತದೆ. ಆದುದರಿಂದ ದರಪಟ್ಟಿಯಲ್ಲಿಯೂ ಕರಾರಿನಲ್ಲಿಯೂ ಈ ಅಂಶವನ್ನು ಬರೆಯಿಸಿ, ಫಲಕಗಳ ಕ್ರಮಸಂಖ್ಯೆಗಳನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕು. ಐದು ವರ್ಷಗಳ ನಿರ್ವಹಣೆಯ ಹೊಣೆ ಮಾರಾಟಗಾರನದೆಂಬುದೂ ಕರಾರಿನಲ್ಲಿರಬೇಕು.

ಬ್ಯಾಟರಿಯಿಲ್ಲದ ಸಾಮಾನ್ಯ ಸ್ಥಾವರವು ವಿದ್ಯುತ್ ಕಡಿತವಾದಾಗ ತಾನೂ ನಿಲ್ಲುತ್ತದೆ. ತಂತಿಯ ಮೇಲೆ ಕೆಲಸ ಮಾಡುವ ಸಿಬ್ಬಂದಿಗೆ ಅಪಾಯವಾಗದಿರಲೆಂದು ಈ ಏರ್ಪಾಡು. ಇದನ್ನು ತಿಳಿಯದೆ ಅನಂತರ ನಿರಾಶರಾಗುವವರುಂಟು.

ಒಪ್ಪಿಗೆ ದೊರೆಯುವ ಮೊದಲೇ ಫಲಕ ಹೂಡಿಸುವಂತೆ ಅವಸರಪಡಿಸುವವರನ್ನೂ, ಸಹಾಯಧನವನ್ನು ತಾವೇ ತಂದುಕೊಡುವೆವೆಂದು ಮುಂಗಡ ಕೇಳುವವರನ್ನೂ ದೂರವಿಡಬೇಕು. ಹಣವು ಫಲಾನುಭವಿಯ ಖಾತೆಗೇ ಬರುವುದರಿಂದ ಅದನ್ನು ತಂದುಕೊಡುವ ಮಧ್ಯವರ್ತಿಗೆ ಇಲ್ಲಿ ಸ್ಥಾನವಿಲ್ಲ. ಮೊಬೈಲಿಗೆ ಬರುವ ಗುಪ್ತಸಂಖ್ಯೆಯನ್ನು ಯಾರಿಗೂ ತಿಳಿಸಕೂಡದು.

ಮನನಕ್ಕಾಗಿ ಪ್ರಶ್ನೆಗಳು

1. ನಿಮ್ಮ ಮನೆಯ ಹನ್ನೆರಡು ತಿಂಗಳ ಸರಾಸರಿ ಬಳಕೆ ಎಷ್ಟು ಯೂನಿಟ್? ಅದರಲ್ಲಿ ಫ್ಯಾನುಗಳ ಪಾಲು ಎಷ್ಟು?

2. ವಿದ್ಯುತ್ ಬಿಲ್ಲು, ಬ್ಯಾಂಕ್ ಖಾತೆ, ಗುರುತಿನ ಪತ್ರ ಇವುಗಳಲ್ಲಿ ನಿಮ್ಮ ಹೆಸರು ಅಕ್ಷರಶಃ ಒಂದೇ ಆಗಿದೆಯೇ?

3. ಕಳೆದ ಮಳೆಗಾಲದಲ್ಲಿ ನಿಮ್ಮ ಛಾವಣಿಯು ಸೋರಿತೇ? ಸೋರಿದ ಸ್ಥಳವನ್ನು ಗುರುತಿಸಿಟ್ಟಿದ್ದೀರಾ?

4. ಫ್ಲಾಟಿನ ನಿವಾಸಿಯಾಗಿದ್ದರೆ, ನಿಮ್ಮ ಸಂಘದ ಲಿಫ್ಟು ಮತ್ತು ಪಂಪುಗಳ ಮಾಸಿಕ ಬಿಲ್ಲು ಎಷ್ಟು ಯೂನಿಟ್ಟಿನದು?

ಈ ನಾಲ್ಕು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಸಿದ್ಧವಿರುವ ಮನೆಯು ಅರ್ಜಿಗೆ ಸಿದ್ಧವಾದಂತೆಯೇ ಸರಿ. ಉತ್ತರ ಸಿದ್ಧವಿಲ್ಲದವರು ಮೊದಲು ಹನ್ನೆರಡು ಬಿಲ್ಲುಗಳನ್ನು ಹುಡುಕಿ ತೆಗೆಯುವುದರಿಂದ ಆರಂಭಿಸಬಹುದು.